ಕೇಬಲಕ್ಕ ಇಳಿಸಿದ ತಂತಿಗಳು

ರಸ್ತೆಯಲ್ಲಿ ತಲೆಯೆತ್ತಿ, ಮೇಲೆ ನೋಡಿಕೊಂಡೇ ನಡೆಯುವ ಮನುಷ್ಯರನ್ನು ನಾನು ಕಂಡದ್ದು ಒಬ್ಬರನ್ನೇ. ನಮ್ಮ ಚಿಕ್ಕಬಾಣಾವರದ ಬೀದಿಗಳಲ್ಲಿ ಎಲ್ಲರ ಕಣ್ಣೂ ನೆಲದ ಮೇಲಿರುತ್ತದೆ. ಒಂದು ಕಡೆ ಅಗೆದು ಬಿಟ್ಟ ಚರಂಡಿ, ಇನ್ನೊಂದು ಕಡೆ ನೀರಿನ ಪೈಪಿಗೆಂದು ತೋಡಿದ ಗುಂಡಿ. ಎರಡೂ ಇಲ್ಲದಿದ್ದರೆ ಕೈಯಲ್ಲಿ ಫೋನು. ಅವರು ಮಾತ್ರ ಕಂಬದಿಂದ ಕಂಬಕ್ಕೆ ಕಣ್ಣು ಹಾಯಿಸುತ್ತಾ ಬರುತ್ತಿದ್ದರು. ಎಲ್ಲಾದರೂ ತಂತಿ ಜೋತುಬಿದ್ದಿದ್ದರೆ ನಿಂತು, ಸೆರಗನ್ನು ಹಣೆಗೆ ಮರೆ ಮಾಡಿಕೊಂಡು, ಅದು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಕೊನೆತನಕ ನೋಡುತ್ತಿದ್ದರು. ಆಮೇಲೇ ಮುಂದಿನ ಹೆಜ್ಜೆ. ನಾವು ಅವರ ಮುಖ ನೋಡಿ ಮಾತಾಡುತ್ತಿದ್ದೆವು, ಅವರು ನಮ್ಮ ತಲೆಯ ಮೇಲಿನ ಯಾವುದಕ್ಕೋ ಉತ್ತರ ಕೊಡುತ್ತಿದ್ದರು.

ಏರಿಯಾದವರೆಲ್ಲ ಅವರನ್ನು ಕೇಬಲಕ್ಕ ಎನ್ನುತ್ತಿದ್ದರು. ನಿಜವಾದ ಹೆಸರು ನನಗೆ ಗೊತ್ತಾದದ್ದು ಆಸ್ಪತ್ರೆಯ ಮಂಚಕ್ಕೆ ಸಿಕ್ಕಿಸಿದ್ದ ಹಾಳೆಯಿಂದ. ಅದನ್ನು ಇಲ್ಲಿ ಬರೆಯುವುದಿಲ್ಲ. ಅವರು ತೀರಿಕೊಂಡು ಆರು ತಿಂಗಳಾಯಿತು. ಮನೆಯಲ್ಲಿ ಯಾರೂ ಅವರ ಮಾತೆತ್ತುವುದಿಲ್ಲ, ನನ್ನ ಅವ್ವನೊಬ್ಬಳನ್ನು ಬಿಟ್ಟು. ಗಾಳಿ ಜೋರಾದ ದಿನ ಅವ್ವ ಕಿಟಕಿಯ ಹತ್ತಿರ ಬಂದು ನಿಲ್ಲುತ್ತಾಳೆ.

ನಾವು ಗದಗದ ಕಡೆಯವರು. ನಾನು ಸೋಲದೇವನಹಳ್ಳಿಯ ಒಂದು ಕಾಲೇಜಿನ ಎಲೆಕ್ಟ್ರಿಕಲ್ ಲ್ಯಾಬಿನಲ್ಲಿ ಇನ್‌ಸ್ಟ್ರಕ್ಟರ್ ಆಗಿ ಸೇರಿದಾಗ ಚಿಕ್ಕಬಾಣಾವರ ಸ್ಟೇಷನ್ನಿನ ಹಿಂದುಗಡೆ ಮೂರನೇ ಮಹಡಿಯ ಬಾಡಿಗೆ ಮನೆ ಸಿಕ್ಕಿತು. ಹೆಂಡತಿ, ಮಗಳು, ಅವ್ವ, ನಾನು. ಅವ್ವನಿಗೆ ಕಿವಿ ಪೂರ್ತಿ ಮಂದ. ಟೀವಿಯಲ್ಲಿ ಬಾಯಿ ಆಡುವುದನ್ನು ನೋಡಿಯೇ ಧಾರಾವಾಹಿಯ ಕತೆ ಹಿಡಿಯುತ್ತಾಳೆ. ಬಹಳ ಸಲ ನಾವು ಕೇಳಿಸಿಕೊಂಡದ್ದಕ್ಕಿಂತ ಸರಿಯಾಗಿ ಹಿಡಿಯುತ್ತಾಳೆ.

ಮನೆಗೆ ಬಂದ ಮೊದಲ ವಾರ ಕೇಬಲ್ ಹಾಕಿಸಲು ಹೇಳಿ ಕಳಿಸಿದೆ. ಗಂಡಸೊಬ್ಬ ಬರುತ್ತಾನೆ ಎಂದುಕೊಂಡಿದ್ದೆ. ಬಂದವರು ನಲವತ್ತೈದರ ಆಸುಪಾಸಿನ ಹೆಂಗಸು. ಸೀರೆಯ ಮೇಲೆ ಗಂಡಸರ ಖಾಕಿ ಶರಟು, ಕಾಲಿಗೆ ರಬ್ಬರ್ ಚಪ್ಪಲಿ, ಹೆಗಲಿಗೆ ಸುತ್ತಿದ ಕಪ್ಪು ಕೇಬಲ್. ಗೋಡೆಯ ತೂತಿನಿಂದ ಹಳೆಯ ತಂತಿಯೊಂದು ಇಣುಕುತ್ತಿತ್ತು. ಅದನ್ನು ಹಿಡಿಯುವ ಮೊದಲು ಅವರು ಬಲಗೈಯನ್ನು ತಿರುಗಿಸಿ, ಬೆರಳುಗಳ ಹಿಂಭಾಗದಿಂದ ಒಮ್ಮೆ ತಾಗಿಸಿ ನೋಡಿದರು. ನನಗೆ ಆಶ್ಚರ್ಯವಾಯಿತು. ಲ್ಯಾಬಿನ ಮೊದಲ ದಿನ ನಾನು ಮಕ್ಕಳಿಗೆ ಹೇಳಿಕೊಡುವುದು ಅದನ್ನೇ: ಕರೆಂಟು ಹೊಡೆದರೆ ಕೈ ಮುಷ್ಟಿ ಕಟ್ಟುತ್ತದೆ, ಅಂಗೈಯಲ್ಲಿ ಹಿಡಿದವನು ಬಿಡಲಾರ, ಹಿಂಗೈಯಾದರೆ ಕೈ ತಂತಿಯಿಂದ ದೂರ ಸೆಳೆದುಕೊಳ್ಳುತ್ತದೆ.

"ಇದನ್ನ ಯಾರು ಕಲಿಸಿದ್ರು ನಿಮಗೆ?" ಎಂದೆ.

"ಯಾರೂ ಕಲಿಸ್ಲಿಲ್ಲ ಸಾ. ನೋಡ್ದೆ," ಎಂದರು. ಮುಂದೆ ಕೇಳುವ ಹಾಗಿರಲಿಲ್ಲ ಆ ದನಿ.

ಅವ್ವನಿಗೂ ಅವರಿಗೂ ಗೆಳೆತನ ಬೆಳೆಯಲು ಒಂದು ತಿಂಗಳೂ ಬೇಕಾಗಲಿಲ್ಲ. ಅವ್ವ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕೊಡುತ್ತಿದ್ದಳು. ಅವರು ರೊಟ್ಟಿಯನ್ನು ಬೆರಳಲ್ಲಿ ಬಡಿದು, "ಏನವ್ವಾ ಇದು, ತಗಡಿನ್ ಶೀಟ್ ಇದ್ದಂಗದೆ," ಎನ್ನುತ್ತಿದ್ದರು. ಅವ್ವ ಅವರ ತುಟಿ ಓದಿ, "ನಿಮ್ಮ ಮುದ್ದಿ ನುಂಗಾಕ ನಮಗ ಆಗೂದಿಲ್ಲ, ನೀ ರೊಟ್ಟಿ ಕಡದು ತಿನ್ನವಾ," ಎಂದು ನಗುತ್ತಿದ್ದಳು. ತಿಂದು ಮುಗಿಸಿ ಟೆರೇಸಿಗೆ ಹೋಗುವಾಗ ಕೇಬಲಕ್ಕ ಒಂದು ಮಾತು ತಪ್ಪದೆ ಹೇಳುತ್ತಿದ್ದರು: "ನಾನು ಮೇಲಿದ್ದಾಗ ಕೆಳಗಡೆ ಯಾರೂ ನಿಂತ್ಕಬಾರ್ದು." ಏಣಿಯ ಸುತ್ತ ಇಟ್ಟಿಗೆ ಚೂರಿನಿಂದ ಗೆರೆ ಎಳೆದು ಹತ್ತುತ್ತಿದ್ದರು. ನೆರವಿಗೆ ಬಂದವರನ್ನು ಗದರಿ ಕಳಿಸುತ್ತಿದ್ದರು.

ಮನೆ ಮನೆಯ ಹೊತ್ತು ಅವರಿಗೆ ಗೊತ್ತಿತ್ತು. ಮೂರನೇ ಕ್ರಾಸಿನಲ್ಲಿ ಒಬ್ಬಂಟಿಯಾಗಿದ್ದ ನಿವೃತ್ತ ಮೇಷ್ಟ್ರೊಬ್ಬರಿಗೆ ಬೆಳಗ್ಗೆ ಆರಕ್ಕೆ ಭಕ್ತಿಗೀತೆಯ ಚಾನಲ್ ಬೇಕು. ಲೈನು ಹೋದರೆ ಐದು ನಿಮಿಷದಲ್ಲಿ ಫೋನು ಮಾಡಿ ಬೈಯುತ್ತಿದ್ದರು. ಒಂದು ಬೆಳಗ್ಗೆ ಆ ಕ್ರಾಸಿನ ಲೈನು ಹೋಗಿತ್ತು. ಎಲ್ಲರೂ ಫೋನು ಮಾಡಿದರು, ಮೇಷ್ಟ್ರು ಮಾಡಲಿಲ್ಲ. "ಅರ್ಧ ಗಂಟೆ ಆದ್ರೂ ಬೈಗುಳ ಬರ್ಲಿಲ್ಲ ಸಾ. ಇದ್ಯಾಕೋ ಸರಿ ಇಲ್ಲ ಅನ್ನುಸ್ತು," ಎಂದು ಆಮೇಲೆ ಅವರೇ ಹೇಳಿದರು. ಲೈನು ಸರಿಮಾಡುವ ಬದಲು ಮೊದಲು ಮೇಷ್ಟ್ರ ಮನೆಗೆ ಹೋದರು. ಬಾಗಿಲು ಒಡೆಸಿದಾಗ ಅವರು ಬಚ್ಚಲಲ್ಲಿ ಬಿದ್ದಿದ್ದರು. ಬದುಕಿಕೊಂಡರು. ಮರುವರ್ಷ ಅವರ ಮಗ ಬಂದು ಟೆರೇಸಿನ ಮೇಲೆ ಡಿಶ್ ಕೂರಿಸಿ ಹೋದ. ಅದರ ಮುಂದಿನ ವರ್ಷ ಮೇಷ್ಟ್ರು ಮತ್ತೆ ಬಿದ್ದರು. ಗೊತ್ತಾಗಲು ಎರಡು ದಿನ ಹಿಡಿಯಿತು.

ಮೊದಲು ಬಂದದ್ದು ಡಿಶ್‌ಗಳು. ಮಹಡಿಯ ಮೇಲೆ ನಿಂತರೆ ರೈಲ್ವೆ ಲೈನಿನತನಕ ತಟ್ಟೆಗಳೇ, ಎಲ್ಲ ಒಂದೇ ಕಡೆಗೆ ಮುಖ ತಿರುಗಿಸಿಕೊಂಡು. ಆಮೇಲೆ ಬಣ್ಣದ ಟೀ ಶರ್ಟ್ ತೊಟ್ಟವರು ಗೇಟು ಗೇಟಿಗೆ ಬಂದು ಇಂಟರ್ನೆಟ್ ಮಾರತೊಡಗಿದರು. ಒಂದೇ ತಂತಿಯಲ್ಲಿ ವೈಫೈ, ಸಿನಿಮಾ, ಸೀರಿಯಲ್ಲು, ಕ್ರಿಕೆಟ್ಟು. ಬೇಕಾದಾಗ ನೋಡಬಹುದು, ನಿಲ್ಲಿಸಬಹುದು. ಮಗಳಿಗೆ ಪಿಯುಸಿ ಪಾಠಕ್ಕೆ ನೆಟ್ ಬೇಕಿತ್ತು. ನನಗೆ ಕ್ರಿಕೆಟ್ ಬೇಕಿತ್ತು. ಅವ್ವನ ಧಾರಾವಾಹಿಗಳೂ ಅದರಲ್ಲೇ ಸಿಗುತ್ತವೆ, ಕೆಳಗೆ ಅಕ್ಷರವೂ ಬರುತ್ತದೆ ಎಂದಮೇಲೆ ಯೋಚಿಸಲು ಏನೂ ಉಳಿಯಲಿಲ್ಲ. ಕೇಬಲಕ್ಕನಿಗೆ ಫೋನು ಮಾಡಿ, ಬೇಡ ಎಂದು ಹೇಳಿದೆ. ಬೇಸರ ಮಾಡಿಕೊಳ್ಳುತ್ತಾರೆ ಎಂದುಕೊಂಡು ನಾಲ್ಕು ಮಾತು ಜೋಡಿಸಿಟ್ಟುಕೊಂಡಿದ್ದೆ. ಅದರ ಅಗತ್ಯ ಬೀಳಲಿಲ್ಲ.

"ಬೇಡ ಅಂದ್ರೆ ಬೇಡ ಸಾ. ಕಾಲ ಅಂಗದೆ. ಆದ್ರೆ ವೈರು ನಾನೇ ಬಂದು ಇಳಿಸ್ತೀನಿ. ನೀವು ಕತ್ತರಿಸಿ ಅಂಗೇ ಬಿಟ್ಬುಡ್ಬೇಡಿ."

ಮನೆಯೊಳಗಿನ ತಂತಿಯನ್ನು ಮರುದಿನವೇ ಬಂದು ಸುತ್ತಿಕೊಂಡು ಹೋದರು. ಎದುರಿನ ಕಂಬದಿಂದ ರಸ್ತೆ ದಾಟಿ ನಮ್ಮ ಟೆರೇಸಿನ ಕೊಕ್ಕೆಗೆ ಬರುತ್ತಿದ್ದ ಮುಖ್ಯ ಕೇಬಲ್ ಹಾಗೇ ಉಳಿಯಿತು, ನೆಲಮಹಡಿಯವರು ಇನ್ನೂ ಕೇಬಲ್ ಇಟ್ಟುಕೊಂಡಿದ್ದರಿಂದ.

ಇಂಟರ್ನೆಟ್ ಹಾಕಲು ಬಂದ ಟೆಕ್ನಿಷಿಯನ್ ಬೇರೆ ಕೊಕ್ಕೆ ಹೊಡೆಯಲಿಲ್ಲ. ತನ್ನ ಬಿಳಿ ತಂತಿಯನ್ನು ಕೇಬಲಕ್ಕನ ಕಪ್ಪು ಕೇಬಲ್ಲಿಗೇ ಮಾರುದ್ದಕ್ಕೊಂದು ಗಂಟು ಹಾಕಿ ಕಟ್ಟುತ್ತಾ ಬಂದ. ಆ ಹೊತ್ತಿಗೆ ಕೇಬಲಕ್ಕ ನೆಲಮಹಡಿಯಲ್ಲಿ ಏನೋ ರಿಪೇರಿಗೆ ಬಂದಿದ್ದರು. ನೋಡಿದವರೇ ಮೇಲೆ ಬಂದರು.

"ಇದನ್ನ ನನ್ ವೈರ್‌ಗೆ ಕಟ್ಬೇಡಪ್ಪಾ. ನಾಳೆ ನನ್ದು ಇಳಿಸ್ಬೇಕಾದ್ರೆ ಎಂಗೆ ಇಳಿಸ್ಲಿ?"

"ಅಯ್ಯೋ ಬಿಡಕ್ಕಾ, ಇದು ಫೈಬರ್ರು. ಗಾಜು, ಪ್ಲಾಸ್ಟಿಕ್ಕು ಅಷ್ಟೆ. ಕರೆಂಟ್ ಗಿರೆಂಟ್ ಏನೂ ಹರಿಯಲ್ಲ."

ಅವರು ಶರಟಿನ ಜೇಬಿನಿಂದ ಚಾಕು ತೆಗೆದು, ಅವನ ಬಳಿಯಿದ್ದ ಒಂದು ತುಂಡನ್ನು ಸೀಳಿದರು. ಬಿಳಿ ಸಿಪ್ಪೆಯೊಳಗೆ ಕೂದಲಿನಂಥ ಗಾಜಿನ ಎಳೆ. ಅದರ ಪಕ್ಕದಲ್ಲೇ, ಜಗ್ಗಿದರೆ ತುಂಡಾಗದಿರಲಿ ಎಂದು ಹಾಕಿದ್ದ ಉಕ್ಕಿನ ತಂತಿ. ಅದನ್ನು ಅವನ ಮುಖಕ್ಕೆ ಹಿಡಿದರು.

"ಇದೇನು? ಇದೂ ಗಾಜಾ?" ಆಮೇಲೆ ನನ್ನ ಕಡೆ ತಿರುಗಿದರು. "ಕಾಲೇಜಲ್ಲಿ ನೀವು ಇದೇ ಪಾಠ ಮಾಡೋದಲ್ವಾ ಸಾ. ಏಳಿ ಇವ್ರಿಗೆ."

ಅವರು ಹೇಳಿದ್ದು ಸರಿಯಿತ್ತು. ಕಂಬದ ಮೇಲೆ ನಾಲ್ಕು ಬರಿಯ ಕರೆಂಟು ತಂತಿಗಳು, ಅವಕ್ಕೆ ಎರಡಡಿ ಮೇಲಿಂದ ಈ ಭಾರ. ಕೊಕ್ಕೆ ತುಕ್ಕು ಹಿಡಿದಿತ್ತು. ಯಾವ ವಿದ್ಯಾರ್ಥಿಯಾದರೂ ಅದನ್ನು ಲ್ಯಾಬಿನಲ್ಲಿ ಹಾಗೆ ಕಟ್ಟಿದ್ದರೆ ನಾನು ಅವನನ್ನು ಹೊರಗೆ ಕಳಿಸುತ್ತಿದ್ದೆ. ಆದರೆ ಅಂದು ಸಂಜೆ ಮ್ಯಾಚಿತ್ತು.

"ಹಾಗೇನೂ ಆಗಲ್ಲ ಬಿಡಿ ಅಕ್ಕ," ಎಂದೆ.

ಅವರು ಚಾಕುವನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಒಂದು ಗಳಿಗೆ ನನ್ನ ಮುಖವನ್ನೇ ನೋಡಿದರು. ಅವರು ನನ್ನ ಮುಖವನ್ನು ನೇರವಾಗಿ ನೋಡಿದ್ದು ಅದೇ ಮೊದಲು.

ಒಂದು ವರ್ಷದೊಳಗೆ ಬೀದಿ ಬೀದಿಯೇ ಕೇಬಲ್ ಬಿಟ್ಟಿತು. ನಮ್ಮ ನೆಲಮಹಡಿಯವರೂ ಬಿಟ್ಟರು. ಬೇರೆ ಕೇಬಲ್‌ನವರಾಗಿದ್ದರೆ ಸೆಟ್‌ಟಾಪ್ ಡಬ್ಬಗಳನ್ನು ಮಾರಿ, ತಂತಿಗಳನ್ನು ಇದ್ದಲ್ಲೇ ಬಿಟ್ಟು ಬೇರೆ ಕಸುಬು ನೋಡಿಕೊಳ್ಳುತ್ತಿದ್ದರು. ಎಷ್ಟೋ ಜನ ಹಾಗೇ ಮಾಡಿದರು. ಕೇಬಲಕ್ಕ ಒಂದು ಹೊಲಿಗೆ ಗಾರ್ಮೆಂಟಿನಲ್ಲಿ ಕೆಲಸಕ್ಕೆ ಸೇರಿಕೊಂಡರು. ರಜೆಯ ದಿನ ಬಿದಿರಿನ ಏಣಿ ಹೊತ್ತುಕೊಂಡು, ಗಂಡನ ಕಾಲದಿಂದ ಎಳೆದಿದ್ದ ತಂತಿಗಳನ್ನು ಒಂದೊಂದೇ ಇಳಿಸತೊಡಗಿದರು. ಕೇಳಿದವರಿಗೆ, "ನಮ್ ಮನೆ ತಂತಿ ಯಾರ್ ತಲೆ ಮೇಲೂ ಬೀಳ್ಬಾರ್ದು," ಎನ್ನುತ್ತಿದ್ದರು. ಅಷ್ಟೇ.

ಜನ ಬೇರೆಯೇ ಹೇಳಿದರು. ಹೊಟ್ಟೆಕಿಚ್ಚಿಗೆ ಇಂಟರ್ನೆಟ್ ವೈರು ಕತ್ತರಿಸುತ್ತಾಳೆ ಎಂದರು. ಎಲ್ಲಿ ನೆಟ್ ಹೋದರೂ ಅವರದೇ ಕೈವಾಡ ಎಂದಾಯಿತು. ಐದನೇ ಕ್ರಾಸಿನಲ್ಲಿ ಯಾರೋ ಅವರ ಏಣಿಯ ಎರಡು ಮೆಟ್ಟಿಲಿಗೆ ಗರಗಸ ಹಾಕಿಟ್ಟಿದ್ದರು, ನೋಡಿದರೆ ಗೊತ್ತಾಗದ ಹಾಗೆ. ಹತ್ತುವ ಮೊದಲು ಮೆಟ್ಟಿಲನ್ನು ಕೈಯಲ್ಲಿ ಜಗ್ಗಿ ನೋಡುವ ಅಭ್ಯಾಸವಿದ್ದದ್ದರಿಂದ ಉಳಿದುಕೊಂಡರು. ಆ ಮೆಟ್ಟಿಲುಗಳನ್ನು ಬದಲಾಯಿಸಿಕೊಂಡು ಮರುವಾರ ಅದೇ ಕ್ರಾಸಿಗೆ ಹೋದರು.

ನಮ್ಮ ಕಟ್ಟಡದ ಓನರ್ ಹಳೇ ಊರಿನ ಗೌಡರು. ಹಿಂದೆ ಇಲ್ಲೆಲ್ಲ ರಾಗಿ ಹೊಲವಿದ್ದಾಗಿನವರು. ಕೇಬಲಕ್ಕ ಟೆರೇಸಿನ ಬೀಗ ತೆಗೆಸಿಕೊಡಿ ಎಂದು ಕೇಳಿದಾಗ ನಾನು ಅಲ್ಲೇ ಇದ್ದೆ.

"ನಿಂದು ಕೇಬಲ್ಲೇ ಇಲ್ವಲ್ಲಮ್ಮೀ, ಇನ್ನು ನಮ್ ಟೆರೇಸ್ನಾಗೆ ನಿಂಗೇನ್ ಕ್ಯಾಮೆ? ನೆಟ್ ವೈರು ಕಿತ್ತಾಕಕ್ಕಾ? ಓಗು ಓಗು."

"ಕೊಕ್ಕೆ ಕಿತ್ಕಂಡ್ ಬತ್ತಾ ಅದೆ ಗೌಡ್ರೇ. ಗಾಳಿ ಬಂದ್ರೆ ಸೀದಾ ಕರೆಂಟ್ ಮೇಲೇ ಬೀಳೋದು."

"ಬಿದ್ದಾಗ ನೋಡ್ಕಳನ."

ಕೇಬಲಕ್ಕ ಗೌಡರ ಮನೆಯ ಮೆಟ್ಟಿಲಿಳಿದು ನನ್ನ ಹತ್ತಿರ ಬಂದು ಕೇಳಿದರು. ಮೇಲಿನ ಮಹಡಿಯವನಾದ ನನ್ನ ಬಳಿ, ನೀರಿನ ಟ್ಯಾಂಕ್ ನೋಡಲೆಂದು, ಇನ್ನೊಂದು ಕೀ ಇರುವುದು ಅವರಿಗೆ ಗೊತ್ತಿತ್ತು. ಭಾನುವಾರ ಬನ್ನಿ ಎಂದೆ. ಓನರ್ ಜೊತೆ ಜಗಳ ಯಾರಿಗೆ ಬೇಕು ಎಂದು ಹೆಂಡತಿ ಹೇಳಿದ್ದಳು. ನನಗೂ ಹಾಗೇ ಅನ್ನಿಸಿತ್ತು. ಭಾನುವಾರ ಅವರು ಬಂದು ಕೆಳಗಿನಿಂದ ಕರೆದಾಗ, ಅಪ್ಪ ಮನೆಯಲ್ಲಿಲ್ಲ ಎಂದು ಮಗಳ ಕೈಯಲ್ಲಿ ಹೇಳಿಸಿದೆ. ಪರದೆಯ ಹಿಂದೆ ನಿಂತು ನೋಡಿದೆ. ಅವರು ಗೇಟಿನ ಎದುರು ಏಣಿಗೆ ಒರಗಿ ಬಹಳ ಹೊತ್ತು ನಿಂತಿದ್ದರು, ಕಣ್ಣು ಕೊಕ್ಕೆಯ ಮೇಲೆ. ಆಮೇಲೆ ಏಣಿ ಹೆಗಲಿಗೇರಿಸಿಕೊಂಡು ಹೊರಟುಹೋದರು.

ಅದಾಗಿ ಮೂರು ವಾರಕ್ಕೆ, ಏಪ್ರಿಲ್ ತಿಂಗಳ ಒಂದು ಶನಿವಾರ ಮಧ್ಯಾಹ್ನ, ಹೆಸರಘಟ್ಟದ ಕಡೆಯಿಂದ ಗಾಳಿ ಎದ್ದಿತು. ಮಳೆಯಿಲ್ಲ, ಬರೀ ಕೆಂಪು ಧೂಳು. ನಾನು ಟೀವಿಯ ಮುಂದಿದ್ದೆ. ಮೇಲೆ ಟೆರೇಸಿನಲ್ಲಿ ಏನೋ ಕಿತ್ತುಬಂದ ಸದ್ದಾಯಿತು. ಪರದೆಯ ಮೇಲೆ ಆಟಗಾರರು ಇದ್ದಲ್ಲೇ ನಿಂತರು, ನಡುವೆ ಬಿಳಿಯ ಚಕ್ರವೊಂದು ತಿರುಗಿತು. ನೆಟ್ ಹೋಯಿತು ಎಂದು ಎದ್ದೆ. ಫ್ಯಾನು ತಿರುಗುತ್ತಲೇ ಇತ್ತು. ಕರೆಂಟು ಹೋಗಿಲ್ಲ ಎಂಬುದನ್ನು ನಾನು ಆಗ ಗಮನಿಸಬೇಕಿತ್ತು.

ಕೆಳಗಿಳಿದರೆ ಬೀದಿಯಲ್ಲೆಲ್ಲ ಜನ. ಎಲ್ಲರ ಮನೆಯಲ್ಲೂ ನೆಟ್ ಹೋಗಿತ್ತು. ನಮ್ಮ ಟೆರೇಸಿನ ಕೊಕ್ಕೆ ಕಿತ್ತು, ಕಪ್ಪು ಕೇಬಲ್ಲು, ಬಿಳಿ ತಂತಿ ಎರಡೂ ಒಟ್ಟಿಗೆ ಜಾರಿ, ಕಂಬದ ತಂತಿಗಳ ಮೇಲಿಂದ ಉಜ್ಜಿಕೊಂಡು ಹಾದು ನಮ್ಮ ಕಬ್ಬಿಣದ ಗೇಟಿನ ಮೇಲೆ ಬಿದ್ದಿದ್ದವು. ಸರಿಸಿಬಿಡೋಣ ಎಂದು ನಾನು ಒಳಗಿನಿಂದ ಗೇಟಿನ ಹತ್ತಿರ ಹೋಗಿ ಕೈ ಚಾಚಿದೆ.

"ಮುಟ್ಬೇಡಿ!"

ಬೀದಿಯ ಆ ತುದಿಯಿಂದ ಕೇಬಲಕ್ಕ ಓಡಿ ಬರುತ್ತಿದ್ದರು. ಗಾಳಿ ಎದ್ದಾಗಲೆಲ್ಲ ಅವರು ಕೆಲಸ ಬಿಟ್ಟಾದರೂ ಏರಿಯಾ ಸುತ್ತುತ್ತಿದ್ದರು ಎಂದು ನನಗೆ ಆಮೇಲೆ ತಿಳಿಯಿತು.

"ಬರೀ ನೆಟ್ ವೈರ್ ಅಲ್ವಾ ಅಕ್ಕ," ಎಂದೆ. ನಾನೇ ಅಂದೆ, ಹದಿನೆಂಟು ವರ್ಷ ಕರೆಂಟಿನ ಪಾಠ ಮಾಡಿದವನು.

"ತುದಿ ನೋಡಿ ಸಾ, ತುದಿ!"

ಬಿಳಿ ತಂತಿಯ ಹರಿದ ತುದಿಯಿಂದ ಉಕ್ಕಿನ ಎಳೆ ಹೊರಬಂದು ಗೇಟಿನ ಸರಳಿಗೆ ತಾಗಿತ್ತು. ನಾನು ಕೈ ಹಿಂದಕ್ಕೆಳೆದುಕೊಂಡೆ. ಆದರೂ ಪೂರ್ತಿ ನಂಬಿಕೆ ಬರಲಿಲ್ಲ. ಅಷ್ಟರಲ್ಲಿ ನಮ್ಮ ಬೀದಿಯ ಕಂದು ನಾಯಿ, ಧೂಳಿಗೆ ಹೆದರಿ, ದಿನವೂ ಮಾಡುವ ಹಾಗೆ ಗೇಟಿನ ಅಡಿಯಿಂದ ಒಳಗೆ ನುಸುಳಲು ಬಂತು. ಬೆನ್ನು ಸರಳಿಗೆ ತಾಗಿತು. ಒಂದೇ ಸಲ ಕುಂಯ್ ಎಂದಿತು. ಆಮೇಲೆ ಅದು ಅಲುಗಲಿಲ್ಲ.

ಜನ ಹಿಂದೆ ಸರಿದರು. ಯಾರೋ ವಿದ್ಯುತ್ ಕಚೇರಿಗೆ ಫೋನು ಹಚ್ಚಿದರು, ಎಂಗೇಜು. ಆಗಲೇ ನಾನು ಅವ್ವನನ್ನು ಕಂಡದ್ದು. ಕೊತ್ತಂಬರಿ ತರಲು ಹೋಗಿದ್ದವಳು ಮೂಲೆಯಂಗಡಿಯ ಕಡೆಯಿಂದ ಬರುತ್ತಿದ್ದಳು. ಧೂಳಿಗೆ ಸೆರಗನ್ನು ಮುಖದ ಮೇಲೆ ಎಳೆದುಕೊಂಡು, ತಲೆ ತಗ್ಗಿಸಿಕೊಂಡು, ಸೀದಾ ಗೇಟಿನ ಕಡೆಗೆ. ಇಪ್ಪತ್ತು ಜನ ಒಟ್ಟಿಗೆ ಕೂಗಿದರು. ಅವ್ವನಿಗೆ ಕೇಳಿಸುವುದಿಲ್ಲ. ನಾನು ಗೇಟಿನ ಒಳಗಿದ್ದೆ, ಅವಳು ಹೊರಗೆ. ನಮ್ಮಿಬ್ಬರ ನಡುವೆ ಆ ಗೇಟು. ನಾನು ಎರಡೂ ಕೈ ಮೇಲೆತ್ತಿ ಬೀಸಿದೆ. ಅವಳು ನೆಲ ನೋಡಿಕೊಂಡು ಬಂದಳು. ಚಿಲಕಕ್ಕೆ ಕೈ ಚಾಚಿದಳು.

ಕೇಬಲಕ್ಕ ಹಿಂದಿನಿಂದ ಬಂದು ಅವಳ ಸೊಂಟಕ್ಕೆ ಎರಡೂ ಕೈ ಹಾಕಿ ಎಳೆದರು. ಇಬ್ಬರೂ ಪಕ್ಕದ ಮನೆಯವರು ಸುರಿಸಿದ್ದ ಮರಳಿನ ಮೇಲೆ ಬಿದ್ದರು.

"ಹುಚ್ಚು ಹಿಡದದೇನವಾ ನಿನಗ?" ಎಂದು ಅವ್ವ ರೇಗಿದಳು. ಆಮೇಲೆ ನಾಯಿಯನ್ನು ನೋಡಿದಳು.

ಲೈನ್‌ಮನ್ ಬಂದು ಕರೆಂಟು ತೆಗೆಯಲು ಮುಕ್ಕಾಲು ಗಂಟೆಯಾಯಿತು. ಅಷ್ಟು ಹೊತ್ತೂ ಕೇಬಲಕ್ಕ ಗೇಟಿಗೆ ಎದುರಾಗಿ ಮರಳಿನ ಮೇಲೆ ಕೂತಿದ್ದರು. ಒಂದು ಕೈಯಲ್ಲಿ ಅವ್ವನ ಮಣಿಕಟ್ಟು ಹಿಡಿದಿದ್ದರು, ಇನ್ನೊಂದು ಕೈ ಚಾಚಿ ಬಂದವರನ್ನೆಲ್ಲ ತಡೆಯುತ್ತಿದ್ದರು. ಗೌಡರು ಬಂದು ದೂರದಲ್ಲೇ ನಿಂತು ನೋಡಿ ಹೋದರು.

ನಾನು ಕೀ ತಂದು ಟೆರೇಸಿನ ಬಾಗಿಲು ತೆಗೆದೆ. ಅವರು ಹುಡುಗನೊಬ್ಬನಿಂದ ತರಿಸಿದ್ದ ತಮ್ಮ ಏಣಿಯನ್ನು ಗೋಡೆಗೆ ಒರಗಿಸಿ, ಈ ಸಲ ಇಟ್ಟಿಗೆಯ ಗೆರೆ ಎಳೆಯದೆ, "ಏಣಿ ಇಡ್ಕಳಿ ಸಾ," ಎಂದರು. ಹಿಡಿದೆ. ಅವರು ಮೇಲೆ ನಿಂತು, ಗೋಡೆಯ ಮೇಲೆ ಉಳಿದಿದ್ದ ತಂತಿಯ ಗಂಟುಗಳನ್ನು ಒಂದೊಂದಾಗಿ ಬಿಚ್ಚುತ್ತಾ, ನನ್ನ ಕಡೆ ನೋಡದೆ ಹೇಳತೊಡಗಿದರು.

"ನಮ್ಮೆಜಮಾನ್ರದ್ದೂ ಇಂಗೇ ಒಂದು ಮದ್ಯಾನ ಸಾ. ಯಾರೋ ಬಿಟ್ಟೋಗಿದ್ದ ಹಳೇ ವೈರು. ಸತ್ತೋಗಿರೋದು ಅಂತ್ಲೇ ಅಂಗೈಲಿ ಇಡ್ಕಂಡ್ರು. ನಾನು ಕೆಳಗೆ ಏಣಿ ಇಡ್ಕಂಡಿದ್ದೆ. 'ಸಿಕ್ತಾ? ಸಿಕ್ತಾ?' ಅಂತ ಕೇಳ್ತಾನೇ ಇದ್ದೆ. ಮೇಲಿಂದ ಮಾತಿಲ್ಲ. ಏನೋ ಕ್ಯಾಮೆ ಮಾಡ್ತಾವ್ರೆ ಅಂದ್ಕಂಡೆ. ಎಷ್ಟೊತ್ತು ಅಂಗೇ ನಿಂತಿದ್ನೋ."

ನಾನು ಏಣಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದೆ. ಅವರು ಕೆಳಗಿಳಿದ ಮೇಲೆ ಹೇಳಿದೆ, "ಅವತ್ತು ಭಾನುವಾರ ನಾನು ಮನೇಲೇ ಇದ್ದೆ ಅಕ್ಕ."

"ಗೊತ್ತು ಸಾ. ಪರದೆ ಅಲ್ಲಾಡ್ತು. ನಾನು ಮೇಲೇ ನೋಡೋಳಲ್ವಾ."

ಅಂದಿನಿಂದ ರಜೆಯ ದಿನ ನಾನೂ ಅವರ ಹಿಂದೆ ಹೋಗತೊಡಗಿದೆ. ನಾನು ಮಾಡುತ್ತಿದ್ದದ್ದು ದೊಡ್ಡದೇನಲ್ಲ. ಏಣಿ ಹಿಡಿಯುವುದು, ಇಳಿಸಿದ್ದನ್ನು ಸುತ್ತುವುದು, ಮನೆಯವರ ಜೊತೆ ಮಾತಾಡಿ ಬೀಗ ತೆಗೆಸುವುದು. ಕಾಲೇಜಿನ ಮೇಷ್ಟ್ರು ಎಂದರೆ ಬಾಗಿಲು ತೆರೆಯುತ್ತಿತ್ತು. ಅವರೊಬ್ಬರೇ ಹೋದಾಗ ತೆರೆಯದ ಬಾಗಿಲುಗಳವು. ಅವರ ಬಳಿ ನಕ್ಷೆ ಎಂಬುದಿರಲಿಲ್ಲ. ಯಾವ ತಂತಿ ಯಾವ ಮಳೆಗಾಲದಲ್ಲಿ ಎಳೆದದ್ದು, ಯಾವ ತೆಂಗಿನ ಮರಕ್ಕೆ ಸುತ್ತಿ ಯಾರ ಸಜ್ಜಾದ ಮೇಲಿಂದ ಹೋಗುತ್ತದೆ ಎಂಬುದೆಲ್ಲ ತಲೆಯಲ್ಲೇ. "ಬರೆದಿಡಿ ಅಕ್ಕ," ಎಂದು ಒಂದೆರಡು ಸಲ ಹೇಳಿದೆ. "ಬರೆಯೋಷ್ಟರಲ್ಲಿ ಇಳಿಸ್ಬುಡ್ತೀನಿ," ಎಂದು ನಕ್ಕರು.

ಅಷ್ಟು ಸಮಯ ಅವರಿಗೆ ಸಿಗಲಿಲ್ಲ. ಮೊದಲು ಕಾಲು ಊದಿಕೊಂಡಿತು. ಏಣಿಯ ನಾಲ್ಕನೇ ಮೆಟ್ಟಿಲಿಗೆ ನಿಂತು ಉಸಿರು ತೆಗೆದುಕೊಳ್ಳತೊಡಗಿದರು. ಯಲಹಂಕದ ಕಡೆಯ ಆಸ್ಪತ್ರೆಯಲ್ಲಿ ಕಿಡ್ನಿ ಎರಡೂ ಹೋಗಿವೆ ಎಂದರು. ವಾರಕ್ಕೆರಡು ಸಲ ಡಯಾಲಿಸಿಸ್. ನಾನು ಅವ್ವನನ್ನು ಕರೆದುಕೊಂಡು ಹೋದೆ. ಅವ್ವ ರೊಟ್ಟಿ ತಂದಿದ್ದಳು; ನರ್ಸಮ್ಮ ಕೊಡಬೇಡಿ ಎಂದರು. ಕೇಬಲಕ್ಕ ಅದನ್ನು ಕೈಯಲ್ಲಿ ಹಿಡಿದು ವಾಪಸು ಕೊಟ್ಟರು. ಆಸ್ಪತ್ರೆಯ ಕೋಣೆಯಲ್ಲಿ ನೋಡಲು ಮೇಲೆ ಏನೂ ಇರಲಿಲ್ಲ, ಬಿಳಿಯ ಚಾವಣಿ ಬಿಟ್ಟರೆ. ಆದರೂ ಅವರ ಕಣ್ಣು ಅಲ್ಲೇ ಓಡಾಡುತ್ತಿತ್ತು.

"ಇನ್ನು ಮೂರು ಅವೆ ಸಾ," ಎಂದರು. ಒಂದು ರೇಷನ್ ಅಂಗಡಿಯ ಹಿಂದೆ. ಒಂದು ಅಂಗನವಾಡಿಯ ಮೂಲೆಯಿಂದ ನೀರಿನ ಟ್ಯಾಂಕಿನ ಕಂಬಕ್ಕೆ. ಮೂರನೆಯದು ಹುಣಸೆಮರದಿಂದ ಹಿಟ್ಟಿನ ಗಿರಣಿಗೆ. "ಅದೇ ಕೆಟ್ಟದ್ದು. ಅದ್ಕೆ ನಮ್ಮೆಜಮಾನ್ರು ಒಳಗೆ ದಪ್ಪ ಉಕ್ಕಿನ ತಂತಿ ಹಾಕವ್ರೆ, ಎಷ್ಟ್ ಎಳೆದ್ರೂ ಕಿತ್ತೋಗಲ್ಲ. ಅದನ್ನ ಇಳಿಸ್ಬುಡಿ."

ಹನ್ನೊಂದು ದಿನಕ್ಕೆ ತೀರಿಕೊಂಡರು.

ಮೊದಲೆರಡು ಒಂದೇ ವಾರದಲ್ಲಿ ಸಿಕ್ಕವು. ಲೈನ್‌ಮನ್ ಜೊತೆಯಲ್ಲಿ ಬಂದು ಇಳಿಸಿಕೊಟ್ಟ. ಮೂರನೆಯದಕ್ಕೆ ಹೋದರೆ ಹುಣಸೆಮರವೂ ಇಲ್ಲ, ಗಿರಣಿಯೂ ಇಲ್ಲ; ಅವರು ಹೇಳಿದ್ದು ತಂತಿ ಎಳೆದ ಕಾಲದ ಗುರುತುಗಳು. ಗಿರಣಿಯಿದ್ದ ಜಾಗದಲ್ಲಿ ಐದು ಮಹಡಿಯ ಹೆಣ್ಣುಮಕ್ಕಳ ಪಿಜಿ ಎದ್ದಿದೆ. ಮರವಿದ್ದ ಕಡೆ ಕಾಂಪೌಂಡು, ಅದರೊಳಗೆ ಒಂದು ಸಂಪಿಗೆ. ನಾಲ್ಕು ತಿಂಗಳು ಆ ರಸ್ತೆಯಲ್ಲಿ ತಲೆಯೆತ್ತಿಕೊಂಡು ಅಲೆದೆ. ಪಿಜಿಯ ವಾಚ್‌ಮನ್ ನನ್ನನ್ನು ಅನುಮಾನದಿಂದ ನೋಡತೊಡಗಿದ.

ಒಂದು ಮಧ್ಯಾಹ್ನ ಅದು ಕಂಡಿತು. ಎರಡನೇ ಮಹಡಿಯ ಉದ್ದನೆಯ ಬಾಲ್ಕನಿಯಲ್ಲಿ, ಎರಡು ಮೊಳೆಗಳ ನಡುವೆ ಬಿಗಿದಿದ್ದ ಕಪ್ಪು ತಂತಿ. ಅದರ ಮೇಲೆ ಸಾಲಾಗಿ ಒದ್ದೆ ಚೂಡಿದಾರಗಳು, ಟವೆಲ್ಲುಗಳು, ಹನಿ ತೊಟ್ಟಿಕ್ಕುತ್ತಿದ್ದವು. ಕೊನೆಯ ಮೊಳೆಯಲ್ಲಿ ಅದು ಮುಗಿದಿರಲಿಲ್ಲ. ಗೋಡೆ ತಿರುಗಿ, ಕಾಂಪೌಂಡು ದಾಟಿ, ಸಂಪಿಗೆಯ ಎಲೆಗಳೊಳಗೆ ಹೋಗಿತ್ತು.

ಮ್ಯಾನೇಜರನ್ನು ಕರೆದು ಕೇಳಿದೆ. "ಬಟ್ಟೆ ಒಣಗ್ಸೋ ವೈರು ಸಾರ್. ಯಾರ್ ಕಟ್ಟಿದ್ದೋ ಗೊತ್ತಿಲ್ಲ, ಬಿಲ್ಡಿಂಗ್ ಆದಾಗಿಂದ್ಲೂ ಇದೆ. ಸಕತ್ ಗಟ್ಟಿ, ಎಷ್ಟ್ ಬಟ್ಟೆ ಹಾಕಿದ್ರೂ ಜಗ್ಗಲ್ಲ."

ಆ ಲೈನ್‌ಮನ್‌ಗೆ ಫೋನು ಮಾಡಿದೆ. ಅವನು ಬರುವವರೆಗೂ ರಸ್ತೆಯಲ್ಲಿ ನಿಂತು, ಬಾಲ್ಕನಿಗೆ ಬಂದ ಹುಡುಗಿಯರಿಗೆ ಬಟ್ಟೆ ಮುಟ್ಟಬೇಡಿ ಎಂದು ಕೂಗುತ್ತಿದ್ದೆ. ಒಬ್ಬಳು ನಕ್ಕಳು, ಇನ್ನೊಬ್ಬಳು ಫೋನಿನಲ್ಲಿ ನನ್ನ ವಿಡಿಯೋ ತೆಗೆದಳು. ಲೈನ್‌ಮನ್ ಆ ಸಾಲಿನ ಕರೆಂಟು ತೆಗೆಸಿ ಮರ ಹತ್ತಿದ. ಸ್ವಲ್ಪ ಹೊತ್ತು ಮೇಲಿಂದ ಮಾತಿರಲಿಲ್ಲ. ಆಮೇಲೆ, "ಸಾರ್, ಒಂದ್ನಿಮ್ಷ ಇಲ್ ಬಂದ್ ನೋಡಿ," ಎಂದ. ಕಾಂಪೌಂಡಿನ ಮೇಲೆ ಹತ್ತಿ ನೋಡಿದೆ. ಕೊಂಬೆಗಳ ನಡುವೆ ಕರೆಂಟು ತಂತಿಗೂ ನಮ್ಮ ತಂತಿಗೂ ನಡುವೆ ಗೇಣಿನಷ್ಟೂ ಅಂತರವಿರಲಿಲ್ಲ. ಗಾಳಿಗೆ ಉಜ್ಜಿ ಉಜ್ಜಿ ಅಲ್ಲಿ ಕಪ್ಪು ಸಿಪ್ಪೆ ಸವೆದು, ಒಳಗಿನ ಉಕ್ಕು ಹೊಳೆಯುತ್ತಿತ್ತು. ಸುತ್ತಲಿನ ಎಲೆಗಳು ಸುಟ್ಟು ಕರಕಲಾಗಿದ್ದವು. ಬಾಲ್ಕನಿಯ ಕಡೆ ಸಿಪ್ಪೆ ಇನ್ನೂ ಹರಿದಿರಲಿಲ್ಲ. ಆ ಮಕ್ಕಳನ್ನು ಅಷ್ಟು ದಿನ ಕಾದದ್ದು ಅದೊಂದೇ.

ಸಂಜೆಯೊಳಗೆ ಅದನ್ನು ಪೂರ್ತಿ ಇಳಿಸಿ ಸುತ್ತಿ ಮನೆಗೆ ತಂದೆ. ಅವ್ವನಿಗೆ ತೋರಿಸಿದೆ. 'ಎಲ್ಲಾ ಮುಗೀತೇನು?' ಎಂದು ಅವಳು ಕಣ್ಣಲ್ಲೇ ಕೇಳಿದಳು. ಹೌದೆಂದು ತಲೆಯಾಡಿಸಿದೆ.

ಮುಂದಿನ ವಾರ ಅದೇ ರಸ್ತೆಯಲ್ಲಿ ಹೋಗುವಾಗ ಅದೇ ಬಾಲ್ಕನಿಯ ಅದೇ ಮೊಳೆಗಳಿಗೆ ಒದ್ದೆ ಬಟ್ಟೆಗಳ ಸಾಲು ಕಂಡಿತು. ಈ ಸಲ ತಂತಿ ಬಿಳಿಯದು, ಯಾವುದೋ ಇಂಟರ್ನೆಟ್ ಕಂಪನಿಯದು. ಬಾಲ್ಕನಿ ದಾಟಿ ಮುಂದಿನ ಕಟ್ಟಡಕ್ಕೆ, ಅಲ್ಲಿಂದ ಇನ್ನೊಂದಕ್ಕೆ ಹೋಗಿತ್ತು. ಮೂರು ಬೀದಿಯವರೆಗೆ ಅದರ ಹಿಂದೆಯೇ ನಡೆದೆ. ನಾಲ್ಕನೇ ಬೀದಿಯಲ್ಲಿ ಅದು ಐವತ್ತು ತಂತಿಗಳ ಒಂದು ಗಂಟಿನೊಳಗೆ ಸೇರಿಕೊಂಡಿತು. ಅದರಲ್ಲಿ ಯಾವುದು ಯಾವುದು ಎಂದು ಕೇಳಲು ನಮ್ಮ ಏರಿಯಾದಲ್ಲಿ ಈಗ ಯಾರೂ ಇಲ್ಲ.